ಶರತ್ಕಾಲದ ಉಡುಪಿಗೆ ಹೂವು: ಬಟ್ಟೆ, ದಳ, ಭಾರದ ಲೆಕ್ಕ (ಅನುಭವ ಹಂಚಿಕೊಳ್ಳಿ)

ಹೊಸಎಳೆ:

ಶರತ್ಕಾಲಕ್ಕೆ ಮೂರು ಉಡುಪುಗಳ ಚಿಕ್ಕ ಸಂಗ್ರಹವೊಂದು ಸಿದ್ಧವಾಗಬೇಕಿದೆ. ನೆಲಮುಟ್ಟುವ ವೆಲ್ವೆಟ್ ಗೌನ್, ಉಣ್ಣೆಯ ಕೋಟು, ದೊಡ್ಡ ಹೂವಿನ ಪ್ರಿಂಟ್ ಇರುವ ರೇಷ್ಮೆ ಡ್ರೆಸ್. ಮೂರಕ್ಕೂ ಹೂವೇ ವಿಷಯ, ಮೂರೂ ಕೈಕೆಲಸದ ದರ್ಜೆಯವು. ಸ್ಕೆಚ್‌ನಲ್ಲಿ ಎಲ್ಲವೂ ವಸಂತದ ಬಟ್ಟೆಯಾಗಿಯೇ ಕಾಣುತ್ತವೆ. ಬಣ್ಣ ಗಾಢ ಮಾಡಿದರೆ ಕಿಟಕಿ ಪರದೆ ಸುತ್ತಿಕೊಂಡ ಹಾಗಾಗುತ್ತದೆ. ಬಟ್ಟೆಯ ಆಯ್ಕೆ, ಪ್ರಿಂಟ್ ಕೂಡಿಸುವುದು, ಬಟ್ಟೆಯಲ್ಲೇ ಹೂವು ಮಾಡುವುದು, ಹೂವಿನ ಭಾರಕ್ಕೆ ಉಡುಪು ಜೋಲದಂತೆ ನೋಡಿಕೊಳ್ಳುವುದು, ಇವುಗಳಲ್ಲಿ ಕೈ ಪಳಗಿದವರು ಅಳತೆ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಹಾಸುಹೊಕ್ಕು:

ಬಣ್ಣದ ಮಾತು ಆಮೇಲೆ. ಮೊದಲು ಬಟ್ಟೆಯ ತೂಕ ನೋಡಿ.

ವಸಂತದ ಹೂವಿನ ಉಡುಪು ಹೆಚ್ಚಾಗಿ 6 ಮೊಮ್ಮೆಯ (ಮೊಮ್ಮೆ ಅಂದರೆ ರೇಷ್ಮೆ ಬಟ್ಟೆಯ ತೂಕದ ಅಳತೆ) ಆರ್ಗಂಜಾ, 8 ಮೊಮ್ಮೆಯ ಜಾರ್ಜೆಟ್‌ನಂಥ ಬಟ್ಟೆಯಲ್ಲಿರುತ್ತದೆ. 1 ಮೊಮ್ಮೆಗೆ ಚದರ ಮೀಟರಿಗೆ ಸುಮಾರು 4.34 ಗ್ರಾಂ, ಅಂದರೆ 6 ಮೊಮ್ಮೆ ಆರ್ಗಂಜಾ ಬರೀ 26 ಗ್ರಾಂ. ಅದೇ ಹೂವನ್ನು 150ರಿಂದ 250 ಗ್ರಾಂ ತೂಗುವ ವೆಲ್ವೆಟ್, ಡಚೆಸ್ ಸ್ಯಾಟಿನ್, ಉಣ್ಣೆ ಕ್ರೇಪ್, ಜಕಾರ್ಡ್ ಮೇಲೆ ತಂದರೆ ಬಣ್ಣ ಮುಟ್ಟದೆಯೇ ಋತು ಬದಲಾಗುತ್ತದೆ. ಕಾರಣ ಬೆಳಕು. ತೆಳು ಬಟ್ಟೆಯಲ್ಲಿ ಬೆಳಕು ತೂರಿ ಬರುತ್ತದೆ, ಹೂವು ತೇಲುತ್ತದೆ. ದಪ್ಪ ಬಟ್ಟೆ ಬೆಳಕನ್ನು ನುಂಗುತ್ತದೆ, ನೆರಿಗೆಯ ಒಳಮಡಿಕೆ ಕಪ್ಪಾಗುತ್ತದೆ, ಹೂವು ಆ ನೆರಳಿನಿಂದ ಎದ್ದು ಬಂದಂತಿರುತ್ತದೆ.

ಎರಡನೆಯದು, ಹೂವಿನ ವಯಸ್ಸು. ಮೊಗ್ಗು, ಆಗಷ್ಟೇ ಅರಳಿದ್ದು, ಎಳೆ ಹಸಿರು ಚಿಗುರು ಇದ್ದರೆ ನೆಲ (ಹೂವಿನ ಹಿಂದಿನ ಬಟ್ಟೆ) ಎಷ್ಟೇ ಕಪ್ಪಾಗಿರಲಿ, ನೋಡುವವರ ಕಣ್ಣಿಗೆ ಅದು ವಸಂತವೇ. ಪೂರ್ತಿ ಅರಳಿ ಅಂಚು ಹಿಂದಕ್ಕೆ ಮಡಚಿದ ಡೇಲಿಯಾ, ಸೇವಂತಿಗೆ, ಅರೆ ಒಣಗಿದ ಹೈಡ್ರೇಂಜಿಯಾ, ಬೀಜದ ಕಾಯಿ, ಕಾಡುಗುಲಾಬಿಯ ಕೆಂಪು ಹಣ್ಣು, ತುಕ್ಕು ಹಿಡಿದ ಎಲೆ ತನ್ನಿ. ಜಪಾನಿನ ಕಿಮೋನೊ ಸಂಪ್ರದಾಯದಲ್ಲಿ ಶರತ್ಕಾಲಕ್ಕೆಂದೇ ಏಳು ಗಿಡಗಳ ಗುಂಪಿದೆ. ಸುಸುಕಿ ಹುಲ್ಲು, ಹಗಿ, ಕಿಕ್ಯೊ ಅದರಲ್ಲಿವೆ. ಹುಲ್ಲನ್ನೂ ಹೂವಿನ ಸಾಲಿಗೆ ಸೇರಿಸಿದ್ದು ಗಮನಿಸಿ. ಉದ್ದ ಗೌನಿಗೆ ಕೆಳಗಿನಿಂದ ಏಳುವ ಹುಲ್ಲಿನ ಗೆರೆಗಳು ಗುಂಡು ಹೂಗಳಿಗಿಂತ ಚೆನ್ನಾಗಿ ಒಪ್ಪುತ್ತವೆ.

ಮೂರನೆಯದು, ಹೂವಿನ ಚಿತ್ರ ಇರಲೇಬೇಕೆಂದಿಲ್ಲ. 1947ರ ಫೆಬ್ರವರಿ 12ರಂದು ಕ್ರಿಶ್ಚಿಯನ್ ಡಿಯೋರ್ ತೋರಿಸಿದ ಮೊದಲ ಸಂಗ್ರಹದಲ್ಲಿ 'ಕೊರೋಲ್' ಎಂಬ ಸಾಲಿತ್ತು. ಹೂವಿನ ದಳವೃತ್ತದ ಹೆಸರು ಅದು. ಅಲ್ಲಿ ಹೂವಾದದ್ದು ಕಟ್ಟಿದ ನಡು, ಅರಳಿದ ಲಂಗದ ಆಕಾರ. 1949ರ ಶರತ್-ಚಳಿಗಾಲದ 'ಜುನೋನ್' ಗೌನಿನಲ್ಲಿ ಲಂಗವೇ ದಳದಂತೆ ಕತ್ತರಿಸಿದ ದೊಡ್ಡ ಪದರಗಳು, ಅವುಗಳ ಅಂಚಿನತ್ತ ಗಾಢವಾಗುವ ಚಮ್ಕಿ. ನಿಮ್ಮ ಮೂರರಲ್ಲಿ ಒಂದನ್ನಾದರೂ ಹೀಗೆ ಬರೀ ಆಕಾರದಲ್ಲಿ ಮಾಡಿ. ಮೂರಕ್ಕೂ ಹೂವು ಅಂಟಿಸಿದರೆ ಕಣ್ಣಿಗೆ ಬೇಸರ.

ಪ್ರಿಂಟ್ ಬದಲು ಇನ್ನೊಂದು ದಾರಿ: ಹಾಸಿನ ಎಳೆಗಳಿಗೆ ಮೊದಲೇ ಹೂವು ಅಚ್ಚು ಹಾಕಿ, ಆಮೇಲೆ ನೇಯ್ದ ರೇಷ್ಮೆ. 18ನೇ ಶತಮಾನದ ಫ್ರಾನ್ಸ್‌ನಲ್ಲಿ ಇದಕ್ಕೆ ತುಂಬಾ ಬೇಡಿಕೆಯಿತ್ತು. ನೇಯುವಾಗ ಎಳೆಗಳು ಚೂರು ಸರಿದು ಹೂವಿನ ಅಂಚು ಮಬ್ಬಾಗುತ್ತದೆ. ಈ ಮಬ್ಬೇ ಶರತ್ಕಾಲಕ್ಕೆ ಬೇಕಾದದ್ದು. ಪ್ರಿಂಟ್ ಕೂಡಿಸುವ ತಲೆನೋವೂ ಅರ್ಧ ಇಳಿಯುತ್ತದೆ, ಯಾಕೆಂದರೆ 2-3 ಮಿಲಿಮೀಟರ್ ತಪ್ಪಿದರೆ ಯಾರಿಗೂ ಕಾಣುವುದಿಲ್ಲ.

ಬಣ್ಣದಬಟ್ಟಲು:

ಪರದೆಯಂತೆ ಕಾಣುವುದಕ್ಕೆ ಕಾರಣ ಬಣ್ಣವಲ್ಲ, ಹರಡಿದ ರೀತಿ. ಒಂದೇ ಗಾತ್ರದ ಹೂಗಳು, ಸಮ ಅಂತರ, ನಡುವೆ ಖಾಲಿ ಕಂಡಲ್ಲೆಲ್ಲ ಎಲೆ. ಪೀಠೋಪಕರಣದ ಬಟ್ಟೆಗೆ ಇದು ಸರಿ, ಮೈಮೇಲಿನ ಬಟ್ಟೆಗೆ ಅಲ್ಲ. ನೆಲದ 35-40 ಶೇಕಡಾ ಖಾಲಿ ಬಿಡಿ. ಹೂವು ಮೂರು ಗಾತ್ರದಲ್ಲಿರಲಿ, ಒಂದಕ್ಕೊಂದು ಅರ್ಧಕ್ಕಿಂತ ಚಿಕ್ಕದು: 28, 12, 5 ಸೆಂಟಿಮೀಟರ್ ಥರ. ದೊಡ್ಡವನ್ನು ಒಂದು ಕಡೆ ಗುಂಪು ಕೂಡಿಸಿ, ಇನ್ನೊಂದು ಕಡೆ ಚದುರಿಸಿ.

ಬಣ್ಣಕ್ಕೆ ಬಂದರೆ, ಅಪ್ಪಟ ಕಪ್ಪು ನೆಲ ಬೇಡ ಅನ್ನುವವರಲ್ಲಿ ನಾನೂ ಒಬ್ಬಳು. ಕಪ್ಪಿನ ಮೇಲೆ ಹೂವು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಗಾಢ ಬದನೆ, ಕಂದು ಬೆರೆತ ಬೂದು, ಬಾಟಲಿ ಹಸಿರು ಹಾಕಿ. ಹೂವಿನ ಅತಿ ತಿಳಿ ಛಾಯೆ ಬಿಳಿಯಾಗದಿರಲಿ, ಚಹಾ ಕಲೆಯ ಬಣ್ಣವಿರಲಿ. ತುಕ್ಕು, ಕಾವಿ, ದ್ರಾಕ್ಷಿಗೆಂಪು ಮೂರೂ ಸೇರಿದಾಗ ಕೆಸರಾಗುತ್ತದೆ. ಅದನ್ನು ತಡೆಯಲು ಒಂದು ತಣ್ಣನೆ ಬಣ್ಣ, ಮಂಕು ನೀಲಿಯೋ ಬೂದು ಹಸಿರೋ, 5 ಶೇಕಡಾದಷ್ಟು ಸೇರಿಸಿ. ಅದಕ್ಕಿಂತ ಹೆಚ್ಚಾದರೆ ಅದೇ ಮುಖ್ಯವಾಗಿಬಿಡುತ್ತದೆ.

ಮಾದರಿ ತುಂಡನ್ನು ಹಗಲು ಬೆಳಕಿನಲ್ಲೂ 2700-3000 ಕೆಲ್ವಿನ್ ಹಳದಿ ಬಲ್ಬಿನಡಿಯಲ್ಲೂ ನೋಡಲೇಬೇಕು. ಶರತ್ಕಾಲದ ಉಡುಪನ್ನು ಉಡುವುದು ಹೆಚ್ಚಾಗಿ ಸಂಜೆಗೆ. ಹಳದಿ ಬೆಳಕಿನಲ್ಲಿ ನೇರಳೆ ಕಂದಾಗುತ್ತದೆ, ಗಾಢ ನೀಲಿ ಕಪ್ಪಾಗುತ್ತದೆ, ಕೆಂಪು-ಕಿತ್ತಳೆ ಮಾತ್ರ ಉರಿಯುತ್ತದೆ. ಹತ್ತಿರ ಹಿಡಿದು ನೋಡಿ ಪ್ರಯೋಜನವಿಲ್ಲ. ಗೋಡೆಗೆ ಪಿನ್ ಮಾಡಿ 3 ಮೀಟರ್ ದೂರದಿಂದ ನೋಡಿ.

ಕತ್ತರಿಕೆಲಸ:

ಪ್ರಿಂಟ್ ಡ್ರೆಸ್ಸಿಗೆ ಬಟ್ಟೆ ಎಷ್ಟು ಬೇಕು ಅನ್ನುವಲ್ಲೇ ಹಲವರು ಎಡವುತ್ತಾರೆ. ಲೆಕ್ಕ ಹೀಗೆ. ಬಟ್ಟೆಯ ಪನ್ನ 140 ಸೆಂಟಿಮೀಟರ್, ಹೂವಿನ ವಿನ್ಯಾಸ ಉದ್ದಕ್ಕೆ 64 ಸೆಂಟಿಮೀಟರಿಗೊಮ್ಮೆ ಮರುಕಳಿಸುತ್ತದೆ ಅಂದುಕೊಳ್ಳಿ. ಡ್ರೆಸ್ಸಿನ ಉದ್ದ 110, ಕೆಳಮಡಿಕೆ 5, ಭುಜದ ಮಾರ್ಜಿನ್ (ಹೊಲಿಗೆಗೆ ಬಿಡುವ ಅಂಚು) 2, ಒಟ್ಟು 117. ಇದನ್ನು 64ರ ಮುಂದಿನ ಗುಣಕಕ್ಕೆ ಏರಿಸಿ: 128. ಮುಂಭಾಗಕ್ಕೆ 128, ಹಿಂಭಾಗಕ್ಕೆ 128. ಎರಡೂ ತೋಳು ಪನ್ನದಲ್ಲಿ ಅಕ್ಕಪಕ್ಕ ಕೂರುವುದರಿಂದ ಒಂದರ ಉದ್ದ ಲೆಕ್ಕ ಹಾಕಿದರೆ ಸಾಕು: ತೋಳು 60, ಮಡಿಕೆ 4, ಮಾರ್ಜಿನ್ 2, ಒಟ್ಟು 66. ಇಲ್ಲಿ ನೋಡಿ, ಬರೀ 2 ಸೆಂಟಿಮೀಟರ್ ಹೆಚ್ಚಾದದ್ದಕ್ಕೆ ಇನ್ನೊಂದು ಪೂರ್ತಿ 64 ಹೋಗುತ್ತದೆ. ತೋಳಿನ ಮಡಿಕೆ ತೆಗೆದು 1.5 ಸೆಂಟಿಮೀಟರ್ ಮಾರ್ಜಿನ್ನಿಗೆ ಬೇರೆ ಬಟ್ಟೆಯ ಫೇಸಿಂಗ್ (ಅಂಚಿನ ಒಳಗೆ ಹೊಲಿಯುವ ಪಟ್ಟಿ) ಕೊಟ್ಟರೆ 63.5ಕ್ಕೆ ಮುಗಿಯುತ್ತದೆ. ಆಗ ಒಟ್ಟು 320, ಹೊಂದಿಸಿಕೊಳ್ಳಲು ಒಂದು ಮರುಕಳಿಕೆ ಹೆಚ್ಚುವರಿ ಸೇರಿ 384. ಅಂದರೆ 3.85 ಮೀಟರ್. ಫೇಸಿಂಗ್ ಕೊಡದಿದ್ದರೆ ಇದೇ ಡ್ರೆಸ್ಸಿಗೆ 4.5 ಮೀಟರ್ ಬೇಕು.

ಕತ್ತರಿ ಹಾಕುವ ಮೊದಲು ಕೋರಾ ಬಟ್ಟೆಯಲ್ಲಿ ಟ್ರಯಲ್ ಪೀಸ್ ಹೊಲಿದು, ಹಾಕಿಸಿ, ದೊಡ್ಡ ಹೂಗಳ ಜಾಗವನ್ನು ಅದರ ಮೇಲೆ ಪೆನ್ನಿನಲ್ಲೇ ಬರೆಯಿರಿ. ಕೂರಿಸಿ, ನಡೆಸಿ, ಕೈ ಎತ್ತಿಸಿ ನೋಡಿ. ದೊಡ್ಡ ಹೂವಿನ ನಡುಭಾಗ ಎದೆಯ ತುದಿಗೆ ಬರಬಾರದು. ಅಲ್ಲಿಂದ 7-8 ಸೆಂಟಿಮೀಟರ್ ಮೇಲಕ್ಕೋ ಪಕ್ಕಕ್ಕೋ ಸರಿಸಿ. ಹೊಟ್ಟೆಯ ನಡುಮಧ್ಯಕ್ಕೂ ಬೇಡ. ಸೊಂಟದ ಮೂಳೆಯಿಂದ ತೊಡೆಯ ಕಡೆ ಇಳಿಯುವಂತೆ ಇಟ್ಟರೆ ನಡೆಯುವಾಗ ಹೂವೂ ಚಲಿಸುತ್ತದೆ.

ಆಮೇಲೆ ಆ ಕೋರಾ ತುಂಡುಗಳನ್ನೇ ಬಿಚ್ಚಿ ಪ್ಯಾಟರ್ನ್ ಮಾಡಿಕೊಳ್ಳಿ. ಬಟ್ಟೆಯನ್ನು ಮಡಚಿ ಕತ್ತರಿಸಬೇಡಿ, ಒಂದೇ ಪದರ, ಬಟ್ಟೆಯ ಮುಂಬದಿ ಮೇಲೆ. ಹಿಂಬದಿಯ ನಡುಹೊಲಿಗೆಗೆ 2.5 ಸೆಂಟಿಮೀಟರ್ ಮಾರ್ಜಿನ್ ಬಿಡಿ. ಒಂದು ಬದಿಯ ಮಾರ್ಜಿನ್ ಒಳಮಡಚಿ ಇಸ್ತ್ರಿ ಮಾಡಿ, ಇನ್ನೊಂದರ ಮೇಲೆ ಹೂವಿಗೆ ಹೂವು ಕೂಡುವಂತೆ ಇಟ್ಟು, ಮುಂಬದಿಯಿಂದಲೇ 8 ಮಿಲಿಮೀಟರ್ ಅಂತರದಲ್ಲಿ ಅಡಗುಹೊಲಿಗೆಯ ಕಚ್ಚಾ ಹಾಕಿ. ಆಮೇಲೆ ಒಳಗಿನಿಂದ ಮಷೀನು. ಪಿನ್ನನ್ನೇ ನಂಬಿ ಮಷೀನಿಗೆ ಕೊಟ್ಟರೆ ಕೆಳಪದರ ಬೇಗ ಸರಿಯುತ್ತಾ ಹೋಗಿ ಕೊನೆಗೆ 4-5 ಮಿಲಿಮೀಟರ್ ತಪ್ಪುತ್ತದೆ. ಪಕ್ಕದ ಹೊಲಿಗೆಯಲ್ಲಿ ಎದೆಯ ಡಾರ್ಟಿನಿಂದ (ಆಕಾರಕ್ಕೆ ಮಡಚಿ ಹೊಲಿದ ಚೂಪು ಮಡಿಕೆಯಿಂದ) ಕೆಳಕ್ಕೆ ಮಾತ್ರ ಕೂಡುತ್ತದೆ. ಅದರ ಮೇಲೆ ಕೂಡಿಸಲು ಒದ್ದಾಡಬೇಡಿ, ಕೈ ಅಡ್ಡ ಬರುತ್ತದೆ.

ಡಿಜಿಟಲ್ ಪ್ರಿಂಟ್ ಹಾಕಿಸುವುದಾದರೆ ಇನ್ನೊಂದು ಎಚ್ಚರ. ಪ್ರಿಂಟ್ ಆದ ಮೇಲೆ ಸ್ಟೀಮ್, ವಾಶ್ ಆಗುವಾಗ ರೇಷ್ಮೆ ಕುಗ್ಗುತ್ತದೆ. ಮೊದಲು 50×50ರ ಚೌಕ ಪ್ರಿಂಟ್ ಹಾಕಿಸಿ ಅಳೆಯಿರಿ. ಉದ್ದ 48.5 ಬಂದರೆ ಫೈಲನ್ನು ಉದ್ದಕ್ಕೆ 103.1 ಶೇಕಡಾಕ್ಕೆ ಹಿಗ್ಗಿಸಿ. ಅಗಲ ಬೇರೆಯೇ ಅಳತೆ ಬರುತ್ತದೆ, ಅದಕ್ಕೆ ಬೇರೆ ಲೆಕ್ಕ. ಒಂದೇ ಶೇಕಡಾ ಎರಡಕ್ಕೂ ಹಾಕಿದರೆ ಗುಂಡು ಹೂವು ಮೊಟ್ಟೆಯಾಕಾರ ಆಗುತ್ತದೆ.

ಸೂಜಿಮೊನೆ:

ಬಟ್ಟೆಯ ಹೂವಿನ ಬಗ್ಗೆ ನಾನು ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಪ್ಯಾರಿಸ್ಸಿನಲ್ಲಿ ಲೆಮಾರಿಯೆಯಂಥ ಕಾರ್ಖಾನೆಗಳು ಇದನ್ನೇ ಕಸುಬಾಗಿ ಉಳಿಸಿಕೊಂಡಿವೆ. 1880ರಲ್ಲಿ ಗರಿಯ ಕೆಲಸದಿಂದ ಶುರುವಾದದ್ದು ಅದು, 1996ರಿಂದ ಶನೆಲ್ ಒಡೆತನದಲ್ಲಿದೆ. ಕೆಲಸದ ಕ್ರಮ ಎಲ್ಲೆಡೆ ಒಂದೇ: ಬಟ್ಟೆಗೆ ಗಂಜಿ, ಕತ್ತರಿಸುವುದು, ಬಣ್ಣ, ಬಿಸಿ ಉಪಕರಣದಲ್ಲಿ ಆಕಾರ, ಜೋಡಣೆ. ಈ ಕ್ರಮ ತಪ್ಪಿದರೆ ಹಿಂದಿನದು ಹಾಳಾಗುತ್ತದೆ. ಉದಾಹರಣೆಗೆ, ಆಕಾರ ಕೊಟ್ಟ ಮೇಲೆ ಬಣ್ಣ ಹಾಕಿದರೆ ತೇವಕ್ಕೆ ದಳ ಮತ್ತೆ ಚಪ್ಪಟೆಯಾಗುತ್ತದೆ.

ಗಂಜಿಗೆ ಜೆಲಟಿನ್. 6 ಗ್ರಾಂ ಪುಡಿಯನ್ನು 50 ಮಿಲಿಲೀಟರ್ ತಣ್ಣೀರಿನಲ್ಲಿ 10 ನಿಮಿಷ ನೆನೆಹಾಕಿ, 60 ಡಿಗ್ರಿಯಷ್ಟು ಬಿಸಿಯಾದ 200 ಮಿಲಿಲೀಟರ್ ನೀರಿಗೆ ಸೇರಿಸಿ ಕರಗಿಸಿ. ಕುದಿಸಿದರೆ ಅದರ ಕಸುವು ಹೋಗುತ್ತದೆ. ಆರ್ಗಂಜಾ, ಸ್ಯಾಟಿನ್ ಆದರೆ ಅದ್ದಿ ತೆಗೆದು, ಹಿಂಡದೆ, ಚೌಕಟ್ಟಿಗೆ ಬಿಗಿಯಾಗಿ ಪಿನ್ ಮಾಡಿ. ವೆಲ್ವೆಟ್ ಆದರೆ ಅದ್ದಲೇಬೇಡಿ. ಚೌಕಟ್ಟಿಗೆ ಬಿಗಿದು ಹಿಂಬದಿಗೆ ಮಾತ್ರ ಬ್ರಷ್‌ನಿಂದ ಹಚ್ಚಿ. ಮುಂಬದಿಗೆ ಇಳಿದರೆ ರೋಮ ಅಂಟಿ ಬೋಳಾಗುತ್ತದೆ. ಒಣಗಿದ ಮೂಲೆಯನ್ನು ಮಡಚಿ ನೋಡಿ: ಕಾಗದದಂತೆ ಮಡಚಿಕೊಂಡು ಸದ್ದಿಲ್ಲದಿದ್ದರೆ ಸರಿ. ಚಟಚಟ ಅಂದರೆ ಗಂಜಿ ಹೆಚ್ಚಾಗಿದೆ, ಆಕಾರ ಕೊಡುವಾಗ ಬಿಳಿ ಗೆರೆ ಮೂಡುತ್ತದೆ. ಆಗ ಬಟ್ಟೆ ತೊಳೆದು ಮತ್ತೆ ತೆಳುವಾಗಿ ಹಾಕಬೇಕು.

10-11 ಸೆಂಟಿಮೀಟರ್ ಅಗಲದ ಡೇಲಿಯಾಕ್ಕೆ ಐದು ಗಾತ್ರದ ದಳ ಸಾಕು. ಉದ್ದ 2, 2.8, 3.5, 4.2, 5 ಸೆಂಟಿಮೀಟರ್. ಎಣಿಕೆ 8, 10, 12, 14, 16, ಒಟ್ಟು 60. ಹೊರಗಿನ ಎರಡು ಸುತ್ತು ವೆಲ್ವೆಟ್, ಒಳಗಿನವು ಸ್ಯಾಟಿನ್ ಅಥವಾ ಆರ್ಗಂಜಾ. ಎಲ್ಲವೂ ವೆಲ್ವೆಟ್ ಆದರೆ ನಡುಭಾಗ ಉಂಡೆಯಾಗುತ್ತದೆ. ಎಲ್ಲ ದಳಗಳನ್ನೂ ಕ್ರಾಸ್‌ನಲ್ಲೇ ಕತ್ತರಿಸಿ, ಅಂದರೆ ದಳದ ಉದ್ದ ಬಟ್ಟೆಯ 45 ಡಿಗ್ರಿ ಕೋನದಲ್ಲಿರಲಿ. ನೇರ ಎಳೆಯಲ್ಲಿ ಕತ್ತರಿಸಿದ ದಳ ಬಟ್ಟಲಾಗುವುದಿಲ್ಲ, ಅಂಚಿನಿಂದ ಎಳೆಯೂ ಬಿಡುತ್ತದೆ.

ಬಣ್ಣಕ್ಕೆ ರೇಷ್ಮೆಯ ಆಸಿಡ್ ಡೈ. ಬರೀ ನೀರಿನಲ್ಲಿ ಕಲಸಿದರೆ ಜೆಲಟಿನ್ ಕರಗಿಬಿಡುತ್ತದೆ. ಸ್ಪಿರಿಟ್ 2 ಪಾಲು, ನೀರು 1 ಪಾಲು ತೆಗೆದುಕೊಳ್ಳಿ. ಏಳೆಂಟು ದಳ ಒಟ್ಟಿಗೆ ಚಿಮುಟದಲ್ಲಿ ಹಿಡಿದು ಅದೇ ದ್ರಾವಣದಲ್ಲಿ ತೇವ ಮಾಡಿ, ಒತ್ತುಕಾಗದದ ಮೇಲೆ ಇಟ್ಟು, ತುದಿಗೆ ಕುಂಚದಿಂದ ಗಾಢ ಬಣ್ಣದ ಒಂದು ತೊಟ್ಟು ಬಿಡಿ. ಬಣ್ಣ ಒಳಕ್ಕೆ ಹರಿದು ತಾನೇ ಮಸುಕಾಗುತ್ತದೆ. ವಸಂತದ ಹೂವಿಗೆ ಬುಡ ಗಾಢ, ತುದಿ ತಿಳಿ ಮಾಡುತ್ತೇವೆ. ಇಲ್ಲಿ ತಿರುಗಿಸಿ: ತುದಿ ಕಂದು, ಬುಡ ತಿಳಿ. ಒಣಗಲು ಹತ್ತಿದ ದಳ ಹಾಗೆಯೇ ಇರುತ್ತದೆ. ಪ್ರತಿ ದಳವೂ ಒಂದೇ ಥರ ಬಂದರೆ ಕಾರ್ಖಾನೆ ಮಾಲಿನಂತೆ ಕಾಣುತ್ತದೆ, ಆದ್ದರಿಂದ ಪ್ರತಿ ಕಂತಿಗೂ ತೊಟ್ಟಿನ ಜಾಗ ಚೂರು ಬದಲಿಸಿ. ಸ್ಪಿರಿಟ್ ಬಳಸುವ ಮೇಜಿನ ಹತ್ತಿರ ಬಿಸಿ ಉಪಕರಣ ಇರಲೇಬಾರದು.

ಆಕಾರಕ್ಕೆ ಹಿತ್ತಾಳೆ ಗುಂಡಿನ ಉಪಕರಣ. ದೊಡ್ಡ ದಳಕ್ಕೆ 2 ಸೆಂಟಿಮೀಟರ್ ಗುಂಡು, ಚಿಕ್ಕದಕ್ಕೆ 8 ಮಿಲಿಮೀಟರ್. ಕೆಳಗೆ ಮರಳು ತುಂಬಿದ ಗಟ್ಟಿ ದಿಂಬು. ಬಿಸಿ ಎಷ್ಟೆಂದು ತಿಳಿಯಲು ಬಿಳಿ ರೇಷ್ಮೆಯ ಚೂರಿನ ಮೇಲೆ ಎರಡು ಸೆಕೆಂಡು ಇಡಿ. ಹಳದಿ ಗುರುತು ಬಿದ್ದರೆ ಆರಲು ಬಿಡಿ. ದಳದ ನಡುವೆ ಒತ್ತಿ, ವೃತ್ತಾಕಾರವಾಗಿ ತುದಿಯತ್ತ ತನ್ನಿ. ಪೂರ್ತಿ ಅರಳಿದ ಹೂವಿಗೆ ಹೊರಸುತ್ತಿನ ದಳಗಳನ್ನು ಮಗುಚಿ ತುದಿಯನ್ನು ಹಿಂದಕ್ಕೆ ಬಾಗಿಸಿ. ವೆಲ್ವೆಟ್ ದಳವನ್ನು ಯಾವಾಗಲೂ ಹಿಂಬದಿಯಿಂದಲೇ ಒತ್ತಬೇಕು.

ಜೋಡಣೆಗೆ 4 ಸೆಂಟಿಮೀಟರ್ ಅಗಲದ ಬಕ್ರಂ (ಗಂಜಿ ಹಾಕಿದ ಗಟ್ಟಿ ಬಟ್ಟೆ) ಬಿಲ್ಲೆ. ದೊಡ್ಡ ದಳಗಳಿಂದ ಶುರುಮಾಡಿ ಒಳಮುಖವಾಗಿ ಹೊಲಿಯುತ್ತಾ ಹೋಗಿ. ಪ್ರತಿ ಸುತ್ತಿನ ದಳ ಹಿಂದಿನ ಸುತ್ತಿನ ಎರಡು ದಳಗಳ ಸಂದಿಗೆ ಬರಲಿ. ಗ್ಲೂ ಗನ್ ಮುಟ್ಟಬೇಡಿ. ಡ್ರೈಕ್ಲೀನ್ ದ್ರಾವಕಕ್ಕೆ ಆ ಅಂಟು ಮೆತ್ತಗಾಗಿ ದಳ ಉದುರುತ್ತದೆ, ಉಡುಪಿನ ಮೇಲೆ ಎಣ್ಣೆ ಕಲೆಯಂಥ ಗುರುತೂ ಉಳಿಯುತ್ತದೆ.

ಬಣ್ಣದಬಟ್ಟಲು:

ಸೂಜಿಮೊನೆಯವರೇ, ಎಲ್ಲ ಒಪ್ಪಿದೆ, ಜೆಲಟಿನ್ ಒಂದನ್ನು ಬಿಟ್ಟು. ಶರತ್ಕಾಲ ಅಂದರೆ ಎಷ್ಟೋ ಕಡೆ ಮಳೆ, ಮಂಜು. ಗಾಳಿಯ ತೇವಕ್ಕೇ ಜೆಲಟಿನ್ ದಳ ಸಂಜೆ ಹೊತ್ತಿಗೆ ತಲೆಬಾಗುತ್ತದೆ. ಹೊರಗೆ ಹಾಕುವ ಉಡುಪಿಗೆ ಪಿವಿಎ (ಬಿಳಿ) ಅಂಟು 1 ಪಾಲು, ನೀರು 6 ಪಾಲು ಮೇಲು. ಒಣಗಿದ ಮೇಲೆ ತೇವಕ್ಕೆ ಅಷ್ಟು ಬೇಗ ಮೆತ್ತಗಾಗುವುದಿಲ್ಲ.

ಸೂಜಿಮೊನೆ:

ನಿಜ, ಆದರೆ ಪಿವಿಎ ಹಚ್ಚಿದ ಬಟ್ಟೆ ಬಿಸಿ ಗುಂಡಿಗೆ ಅಂಟುತ್ತದೆ, ಬಣ್ಣವೂ ಹರಿಯುವುದಿಲ್ಲ, ತೊಟ್ಟು ಹಾಕಿದಲ್ಲೇ ನಿಂತು ಚುಕ್ಕೆಯಾಗುತ್ತದೆ. ಪಿವಿಎ ಬಳಸುವುದಾದರೆ ಮೊದಲು ಬಟ್ಟೆಗೇ ಬಣ್ಣ ಹಾಕಿ ಒಣಗಿಸಿ, ಆಮೇಲೆ ಅಂಟು. ಗುಂಡಿಗೂ ದಳಕ್ಕೂ ನಡುವೆ ಬೇಕಿಂಗ್ ಕಾಗದದ ಚೂರು ಇಡಿ. ನನ್ನ ಆಯ್ಕೆ: ಒಳಾಂಗಣದ ಗೌನಿಗೆ ಜೆಲಟಿನ್, ಕೋಟಿಗೆ ಗಂಜಿಯೇ ಇಲ್ಲದ ಉಣ್ಣೆಯ ಹೂವು. ಬಾಗಿದ ಜೆಲಟಿನ್ ದಳವನ್ನು ಹಬೆಗೆ 20 ಸೆಂಟಿಮೀಟರ್ ದೂರ ಹಿಡಿದು ಬೆರಳಲ್ಲೇ ಮತ್ತೆ ಬಾಗಿಸಿ ಆರಿಸಿದರೆ ಮೊದಲಿನಂತಾಗುತ್ತದೆ. ಪಿವಿಎಗೆ ಆ ಸೌಲಭ್ಯವಿಲ್ಲ.

ರೋಮದಿಕ್ಕು:

ವೆಲ್ವೆಟ್ ಗೌನಿಗೆ ಕೆಲವು ಮಾತು.

ರೋಮದ ದಿಕ್ಕು ಮೇಲ್ಮುಖವಾಗಿಟ್ಟು ಕತ್ತರಿಸಿದರೆ ಬಣ್ಣ ಗಾಢವಾಗಿ ಕಾಣುತ್ತದೆ, ಕೆಳಮುಖವಾದರೆ ಬೆಳ್ಳಗೆ ಮಿನುಗುತ್ತದೆ. ಶರತ್ಕಾಲಕ್ಕೆ ಮೇಲ್ಮುಖವೇ. ಎಲ್ಲ ತುಂಡೂ ಒಂದೇ ದಿಕ್ಕಿಗೆ, ತೋಳು, ಕಾಲರ್ ಕೂಡ. ಒಂದು ತುಂಡು ತಿರುಗಿದರೂ ಬೇರೆ ತಾನಿನ ಬಟ್ಟೆ ಹಾಕಿದಂತೆ ಕಾಣುತ್ತದೆ. ಹೂವಿನ ದಳಗಳಿಗೆ ಮಾತ್ರ ಈ ನಿಯಮ ಬೇಡ. ದಿಕ್ಕು ಬದಲಾದಷ್ಟೂ ಛಾಯೆ ಹೆಚ್ಚು ಸಿಗುತ್ತದೆ.

ಹೊಲಿಯುವಾಗ ಎರಡು ರೋಮದ ಮೈಗಳು ಒಂದರ ಮೇಲೊಂದು ಜಾರುತ್ತವೆ. ರೇಷ್ಮೆ ದಾರದಲ್ಲಿ ಹೊಲಿಗೆಗೆರೆಯ ಆಚೆ ಈಚೆ ಎರಡು ಸಾಲು ಕಚ್ಚಾ ಹಾಕಿ, 3 ಮಿಲಿಮೀಟರ್ ಹೊಲಿಗೆ, ಪಾದದ ಒತ್ತಡ ಕಡಿಮೆ, ರೋಮದ ದಿಕ್ಕಿಗೇ ಹೊಲಿಯಿರಿ. ಹತ್ತಿ ದಾರದ ಕಚ್ಚಾ ಗುರುತು ಉಳಿಸುತ್ತದೆ. ಇಸ್ತ್ರಿಯನ್ನು ನೇರವಾಗಿ ಇಡಬೇಡಿ. ವೆಲ್ವೆಟ್ಟಿನ ತುಂಡೊಂದನ್ನು ರೋಮ ಮೇಲಾಗಿ ಹಾಸಿ, ಅದರ ಮೇಲೆ ಉಡುಪನ್ನು ರೋಮ ಕೆಳಗಾಗಿ ಇಟ್ಟು, ಹಬೆ ಕೊಟ್ಟು ಬೆರಳಿಂದ ಹೊಲಿಗೆ ಬಿಡಿಸಿ.

ಹೂವು ಹೊಲಿಯುವ ಬದಲು ವೆಲ್ವೆಟ್ಟಿನಲ್ಲೇ ಸುಟ್ಟು ತೆಗೆಯುವ ಡೆವೊರೆ ಕೂಡ ಯೋಚಿಸಿ. ನೆಲ ರೇಷ್ಮೆ, ರೋಮ ವಿಸ್ಕೋಸ್ ಇರುವ ವೆಲ್ವೆಟ್ ಬೇಕು. ಸೋಡಿಯಂ ಬೈಸಲ್ಫೇಟ್ ಇರುವ ಪೇಸ್ಟನ್ನು ಹಿಂಬದಿಯಿಂದ ಹಚ್ಚಿ, ಪೂರ್ತಿ ಒಣಗಿಸಿ, ಹಬೆಯಿಲ್ಲದ ಇಸ್ತ್ರಿಯನ್ನು ಉಣ್ಣೆಯ ಮಟ್ಟದಲ್ಲಿ ಆಡಿಸಿ. ಆಮ್ಲಕ್ಕೆ ವಿಸ್ಕೋಸ್ ಸುಟ್ಟು ಪುಡಿಯಾಗುತ್ತದೆ, ರೇಷ್ಮೆ ತಡೆದುಕೊಳ್ಳುತ್ತದೆ. ಪೇಸ್ಟ್ ಹಚ್ಚಿದ ಜಾಗ ತಿಳಿಗಂದು ಆದ ಕೂಡಲೇ ನಿಲ್ಲಿಸಿ. ಕಡುಗಂದು ಆಗುವವರೆಗೆ ಕಾದರೆ ನೆಲವೂ ಸೊರಗಿ ಹೊಲಿಗೆಯ ಹತ್ತಿರ ಹರಿಯುತ್ತದೆ. ನೀರಿನಲ್ಲಿ ತಿಕ್ಕಿ ರೋಮ ತೆಗೆಯಿರಿ. ಕೈಗವಸು, ಮಾಸ್ಕ್, ಕಿಟಕಿ ತೆರೆದಿರುವುದು ಕಡ್ಡಾಯ. ಇನ್ನೂ ಒಂದು ಲಾಭ: ಆಸಿಡ್ ಡೈ ರೇಷ್ಮೆ ನೆಲಕ್ಕೆ ಚೆನ್ನಾಗಿ ಹಿಡಿಯುತ್ತದೆ, ಡೈರೆಕ್ಟ್ ಡೈ ವಿಸ್ಕೋಸ್ ರೋಮಕ್ಕೆ. ಪಾಚಿ ನೆಲದ ಮೇಲೆ ದ್ರಾಕ್ಷಿಗೆಂಪು ಹೂವು ಹೀಗೆ ಒಂದೇ ಬಟ್ಟೆಯಲ್ಲಿ ಬರುತ್ತದೆ. ಭಾರ ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ.

ಕತ್ತರಿಕೆಲಸ:

ಭಾರದ ಪ್ರಶ್ನೆ ಉಳಿದಿದೆಯಲ್ಲ. ಮೇಲೆ ಹೇಳಿದ ಡೇಲಿಯಾ ಒಂದು 12 ಗ್ರಾಂ ಅಂದುಕೊಳ್ಳಿ. 45 ಹೂವಿಗೆ 540 ಗ್ರಾಂ. ಇದೆಲ್ಲ ಭುಜಕ್ಕೆ ಬಿದ್ದರೆ ಕತ್ತಿನ ಅಂಚು ಇಳಿದು, ಹಿಂಬದಿ ಜಿಪ್ ಅಲೆಯಾಗುತ್ತದೆ. ಉಡುಪಿನ ಒಳಗೆ ಸೊಂಟಕ್ಕೆ 2.5 ಸೆಂಟಿಮೀಟರ್ ಅಗಲದ ಗ್ರೋಗ್ರೇನ್ (ಅಡ್ಡಗೆರೆಯ ಗಟ್ಟಿ ರಿಬ್ಬನ್) ಪಟ್ಟಿ ಕೊಡಿ. ಉದ್ದ ಸೊಂಟದ ಅಳತೆಗಿಂತ 1 ಸೆಂಟಿಮೀಟರ್ ಕಡಿಮೆ. ಪಕ್ಕದ ಹೊಲಿಗೆ ಮತ್ತು ಡಾರ್ಟುಗಳ ಮಾರ್ಜಿನ್ನಿಗೆ ಮಾತ್ರ ಟಾಕಿ, ಹಿಂದೆ ಜಿಪ್ಪಿನ ಎರಡೂ ಬದಿ ಬಿಟ್ಟಿರಲಿ, ಹುಕ್ಕು ಹಾಕಿ. ಮೊದಲು ಈ ಪಟ್ಟಿ ಬಿಗಿದು ಆಮೇಲೆ ಜಿಪ್ ಎಳೆದರೆ ಲಂಗದ ಭಾರವೆಲ್ಲ ಸೊಂಟದ ಮೇಲೆ ನಿಲ್ಲುತ್ತದೆ. ಜಿಪ್ ಬಾಳಿಕೆಯೂ ಹೆಚ್ಚು.

ಪ್ರತಿ ಹೂವಿನ ಹಿಂದೆ, ಬಟ್ಟೆಯ ಒಳಮೈಗೆ 5×5ರ ಆರ್ಗಂಜಾ ತುಂಡು ಇಟ್ಟು ಅದರ ಸಮೇತ ಹೊಲಿಯಿರಿ. ಇಲ್ಲದಿದ್ದರೆ ಹೊಲಿದಲ್ಲಿ ಗುಳಿ ಬೀಳುತ್ತದೆ. ಒಂದೇ ಭುಜಕ್ಕೆ ಹೂಗೊಂಚಲು ಇಡುವುದಾದರೆ ಎದುರು ಬದಿಯ ಕೆಳಮಡಿಕೆಯೊಳಗೆ ತೆಳು ಸರಪಳಿ ಹೊಲಿದು ಸಮತೂಕ ಮಾಡಿ. ಜಾಕೆಟ್ಟಿನ ಕೆಳಅಂಚಿಗೆ ಸರಪಳಿ ಹೊಲಿಯುವುದು ಶನೆಲ್‌ನ ಹಳೆಯ ಉಪಾಯ, ಇಲ್ಲೂ ನಡೆಯುತ್ತದೆ. ಎಲ್ಲ ಹೂವೂ ಕೂಡಿಸಿದ ಮೇಲೆ ಗೌನನ್ನು ಡಮ್ಮಿ ಮೇಲೆ 24 ಗಂಟೆ ತೂಗುಬಿಟ್ಟು, ಆಮೇಲೆ ಕೆಳಅಂಚು ಅಳೆದು ಕತ್ತರಿಸಿ. ಕ್ರಾಸ್ ಇರುವ ಜಾಗ ಅಷ್ಟರಲ್ಲಿ ಇಳಿದಿರುತ್ತದೆ.

ಚೌಕಟ್ಟು:

ಯಾರೂ ಕಸೂತಿಯ ಸುದ್ದಿ ಎತ್ತಲಿಲ್ಲ. ಹೂವಿನ ಕಸೂತಿಯನ್ನು ಹೊಲಿದ ಉಡುಪಿನ ಮೇಲೆ ಮಾಡಬೇಡಿ. ಬಟ್ಟೆಯ ಮೇಲೆ ಪ್ಯಾಟರ್ನಿನ ಗೆರೆಯನ್ನು ಕಚ್ಚಾ ದಾರದಲ್ಲಿ ಗುರುತಿಸಿ, ಸುತ್ತ 5 ಸೆಂಟಿಮೀಟರ್ ಹೆಚ್ಚುವರಿ ಬಿಟ್ಟು, ಚೌಕಟ್ಟಿಗೆ ಬಿಗಿದು ಮಾಡಿ. ದಟ್ಟ ಕೆಲಸಕ್ಕೆ ಬಟ್ಟೆ ಎಳೆದುಕೊಳ್ಳುತ್ತದೆ, ಆದ್ದರಿಂದ ಚೌಕಟ್ಟಿನಿಂದ ತೆಗೆದ ಮೇಲೆ ಪ್ಯಾಟರ್ನ್ ಮತ್ತೆ ಇಟ್ಟು ನೋಡಿಯೇ ಕತ್ತರಿಸಬೇಕು. ಹೊಲಿಗೆಗೆರೆಯಿಂದ 1.5 ಸೆಂಟಿಮೀಟರ್ ಒಳಗೆ ಕಸೂತಿ ನಿಲ್ಲಿಸಿ. ಫಿಟಿಂಗ್ ಮುಗಿದ ಮೇಲೆ ಹೊಲಿಗೆ ದಾಟುವ ದಳಗಳನ್ನು ಕೈಯಲ್ಲಿ ತುಂಬಿ.

ತುದಿಗೆ ಕೊಕ್ಕೆಯಿರುವ ನಮ್ಮ ಆರಿ ಸೂಜಿಯಲ್ಲಿ ಮಣಿಯನ್ನು ಮೇಲಿನಿಂದ ನೋಡುತ್ತಾ ಕೂರಿಸುತ್ತೀರಿ. ಫ್ರೆಂಚರ ಲುನೆವಿಲ್ ಕೊಕ್ಕೆಯಲ್ಲಿ ಮಣಿ, ಚಮ್ಕಿಯನ್ನು ಮೊದಲೇ ದಾರಕ್ಕೆ ಪೋಣಿಸಿ, ಬಟ್ಟೆಯ ಹಿಂಬದಿಯಿಂದ ಕೆಲಸ. ದಳದ ಛಾಯೆ ಬದಲಾಗುತ್ತಾ ಹೋಗುವ ಕಡೆ ಆರಿ ಸಲೀಸು, ಒಂದೇ ಬಣ್ಣ ವಿಶಾಲವಾಗಿ ತುಂಬಲು ಲುನೆವಿಲ್ ಬೇಗ. ಎರಡಕ್ಕೂ ಒಂದೇ ಶಾಪ: ಸರಪಳಿ ಹೊಲಿಗೆ, ಕೊನೆಯ ಗಂಟು ಬಿಚ್ಚಿದರೆ ಸಾಲೇ ಬಿಚ್ಚುತ್ತದೆ. ಪ್ರತಿ ದಳ ಮುಗಿದಾಗ ಗಂಟು ಹಾಕಿ. ಮಾರ್ಜಿನ್ನಿಗೆ ಬಂದ ಗಾಜಿನ ಮಣಿಯನ್ನು ಕತ್ತರಿಯಿಂದ ಕೀಳಬೇಡಿ. ಬಟ್ಟೆ ಮುಚ್ಚಿ ಇಕ್ಕಳದಿಂದ ಒಡೆಯಿರಿ, ದಾರ ಉಳಿಯುತ್ತದೆ.

ಶರತ್ಕಾಲಕ್ಕೆ ಹೊಳಪು ಕಮ್ಮಿ ಮಾಡಿ. ಕನ್ನಡಿ ಚಮ್ಕಿ ಬದಲು ಮ್ಯಾಟ್ ಚಮ್ಕಿ, ಅದರ ನಡುವೆ ಹತ್ತಕ್ಕೊಂದು ಹೊಳೆಯುವುದು. ಉಣ್ಣೆ ದಾರ, ಶೆನಿಲ್ ದಾರ ಸೇರಿಸಿ.

ಹೊಸಎಳೆ:

ಎಲ್ಲರಿಗೂ ಧನ್ಯವಾದ. ಡೆವೊರೆ ಗೌನ್ ನಿರ್ಧಾರ ಆಯಿತು. ಕೋಟಿಗೆ ಉಣ್ಣೆಯ ಹೂವು ಅಂದಿರಲ್ಲ, ಬಟ್ಟೆ ಚದರ ಮೀಟರಿಗೆ 450 ಗ್ರಾಂ ತೂಗುತ್ತದೆ. ಅದರ ಮೇಲೆ ಇನ್ನೂ ಹೂವು ಇಟ್ಟರೆ ದಪ್ಪವಾಗುವುದಿಲ್ಲವೇ?

ಸೂಜಿಮೊನೆ:

ಮೇಲೆ ಇಡಬೇಡಿ, ಒಳಗೆ ಕೂರಿಸಿ. ಚೆನ್ನಾಗಿ ಕುಗ್ಗಿಸಿದ, ಎಳೆ ಬಿಡದ ಉಣ್ಣೆಯಾದರೆ ಕೋಟಿನ ಬಟ್ಟೆಯಿಂದಲೇ ಹೂವಿನ ಆಕಾರ ಕತ್ತರಿಸಿ ತೆಗೆದು, ಅದೇ ದಪ್ಪದ ಬೇರೆ ಬಣ್ಣದ ಉಣ್ಣೆಯನ್ನು ಅಷ್ಟೇ ಅಳತೆಗೆ ಕತ್ತರಿಸಿ ಆ ಜಾಗಕ್ಕೆ ಇಡಿ. ಅಂಚಿಗೆ ಅಂಚು ತಾಗಿಸಿ, ಹಿಂಬದಿಯಿಂದ ಅರ್ಧ ದಪ್ಪಕ್ಕೆ ಮಾತ್ರ ಸೂಜಿ ಹೋಗುವಂತೆ 2 ಮಿಲಿಮೀಟರ್ ಹೊಲಿಗೆ ಹಾಕಿ. ಹಿಂಬದಿಗೆ ತೆಳು ಹತ್ತಿ ಬಟ್ಟೆ ಕೊಟ್ಟು, ಹಬೆ ಹಾಯಿಸಿ, ಮರದ ದಿಮ್ಮಿಯಿಂದ ಆರುವ ತನಕ ಒತ್ತಿಹಿಡಿಯಿರಿ. ಎರಡು ಬಣ್ಣಗಳನ್ನು ಬ್ಲೇಡಿನಿಂದ ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸಿದರೆ ಸಂದಿ ಬರುವುದಿಲ್ಲ. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆ ಇಟ್ಟು ಹಬೆ ಕೊಟ್ಟು ಮೊದಲೇ ನೋಡಿ.

ಎದ್ದು ಕಾಣುವ ದಳ ಬೇಕೇ ಬೇಕೆಂದರೆ ಕಾಲರಿನ ಕೆಳಗೆ, ಎದೆಯ ಒಂದು ಬದಿಗೆ, ಎರಡು ಮೂರು ಸಾಕು. ತಂತಿ ಬೇಡ. ಕಂಕುಳು, ಬೆನ್ನು, ಆಸನ, ಬ್ಯಾಗಿನ ಪಟ್ಟಿ ಕೂರುವ ಭುಜ, ಈ ನಾಲ್ಕು ಕಡೆ ಇಟ್ಟ ಹೂವು ಮೊದಲ ಸಲವೇ ಚಪ್ಪಟೆ.

ರೋಮದಿಕ್ಕು:

ಕೊನೆಗೆ, ತೊಳೆಯುವುದು ಮತ್ತು ಎತ್ತಿಡುವುದು. ಬಿಡಿ ಹೂಗಳನ್ನು ಉಡುಪಿಗೆ ಖಾಯಂ ಹೊಲಿಯುವ ಬದಲು ಬಿಲ್ಲೆಯ ಹಿಂದೆ ಎರಡು ಟಿಚ್ ಬಟನ್ ಹಾಕಿ. ಒಂದೇ ಹಾಕಿದರೆ ಹೂವು ತಿರುಗುತ್ತದೆ. ಡ್ರೈಕ್ಲೀನಿಗೆ ಕೊಡುವಾಗ ಕಳಚಿ, ಯಾವುದು ಎಲ್ಲಿಯದೆಂದು ಹಿಂಬದಿಯಲ್ಲಿ ದಾರದಿಂದ ಗುರುತು ಮಾಡಿಕೊಳ್ಳಿ. ಪಿವಿಸಿ (ಪ್ಲಾಸ್ಟಿಕ್) ಚಮ್ಕಿ ಡ್ರೈಕ್ಲೀನಿನ ಪರ್ಕ್ಲೋರ್ ದ್ರಾವಕಕ್ಕೆ ಗಡುಸಾಗಿ ಬಣ್ಣ ಬಿಡಬಹುದು. ಒಂದೆರಡು ಚಮ್ಕಿ ಕೊಟ್ಟು ಮೊದಲು ಪರೀಕ್ಷೆ ಮಾಡಿಸಿ.

ಭಾರದ ಗೌನನ್ನು ಹ್ಯಾಂಗರಿಗೆ ತೂಗಬೇಡಿ. ಅಗಲ ಪೆಟ್ಟಿಗೆಯಲ್ಲಿ ಆಮ್ಲರಹಿತ ಟಿಷ್ಯೂ ಕಾಗದ ಮಡಿಕೆಗಳಿಗೆ ತುಂಬಿ ಮಲಗಿಸಿ. ಹೂಗಳು ಬೇರೆ ಪೆಟ್ಟಿಗೆಯಲ್ಲಿ, ಒಂದರ ಮೇಲೊಂದು ಬೀಳದಂತೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಜೆಲಟಿನ್, ಗಂಜಿ ಎರಡಕ್ಕೂ ಬೆಳ್ಳಿಮೀನು ಹುಳ ಬರುತ್ತದೆ, ಉಣ್ಣೆಗೆ ನುಸಿ. ಆರು ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ದಳಗಳ ಬುಡ ನೋಡಿ, ಮೊದಲು ತಿನ್ನುವುದು ಅಲ್ಲೇ.